ಕೊಂಡಿ ಕಳಚದಂತೆ, ಕೂದಲೆಳೆ ಅಳಿಯದಂತೆ: ಸ್ಕ್ರಿಪ್ಟ್ ಫಾಂಟ್ ಬಳಸುವ ಬಗೆ

ಬಾಗಿ ಬಳುಕುತ್ತ, ಒಂದು ಇನ್ನೊಂದರ ಕೈಹಿಡಿದು ಸಾಗುವ ಇಂಗ್ಲಿಷ್ ಅಕ್ಷರಗಳ ಫಾಂಟಿಗೆ ಸ್ಕ್ರಿಪ್ಟ್ ಫಾಂಟ್ ಎಂದು ಹೆಸರು. ಆಹ್ವಾನ ಪತ್ರಿಕೆ, ಪ್ರಮಾಣಪತ್ರ, ಪುಸ್ತಕದ ಮುಖಪುಟ, ಅತ್ತರಿನ ಸೀಸೆ, ಲಾಂಛನ ಹೀಗೆ ಎಲ್ಲಿ ಒಂದಿಷ್ಟು ನಯ ಬೇಕೋ ಅಲ್ಲಿ ಇದು ಬಂದು ಕೂರುತ್ತದೆ. ಹೆಸರು ಟೈಪಿಸಿ ಫಾಂಟ್ ಬದಲಿಸಿದರೆ ಪರದೆಯ ಮೇಲೆ ಚೆಂದ ಕಾಣುತ್ತದೆ. ಅದೇ ಅಚ್ಚಾಗಿ ಬಂದಾಗ ಅಕ್ಷರ ಅಕ್ಷರದ ನಡುವೆ ಬಿರುಕು ಬಿಟ್ಟಿರುತ್ತದೆ, ಇಲ್ಲವೇ ಸಪೂರ ಗೆರೆಗಳೆಲ್ಲ ಮಾಯವಾಗಿ ದಪ್ಪ ಗೆರೆಗಳು ಮಾತ್ರ ತುಂಡುತುಂಡಾಗಿ ಉಳಿದಿರುತ್ತವೆ.

ಈ ಜಾತಿಯ ಫಾಂಟಿಗೆ ಇರುವ ಮರ್ಮಸ್ಥಾನಗಳು ಎರಡೇ. ಒಂದು, ಅಕ್ಷರವನ್ನು ಮುಂದಿನ ಅಕ್ಷರಕ್ಕೆ ಸೇರಿಸುವ ಕೊಂಡಿ. ಇನ್ನೊಂದು, ಪೆನ್ನು ಮೇಲಕ್ಕೆ ಹೋಗುವಾಗ ಮೂಡುವ ಕೂದಲೆಳೆಯಂಥ ಗೆರೆ. ಮುಂದೆ ಬರುವ ಅಳತೆ, ಸೆಟ್ಟಿಂಗು, ನಿಷೇಧಗಳೆಲ್ಲ ಸುತ್ತಿ ಬಂದು ನಿಲ್ಲುವುದು ಇವೆರಡರ ಬಳಿಗೇ.

ಅಕ್ಷರಕ್ಕೆ ಈ ರೂಪ ಎಲ್ಲಿಂದ ಬಂತು

ಔಪಚಾರಿಕ ಸ್ಕ್ರಿಪ್ಟ್ ಫಾಂಟುಗಳ ಮೂಲ 17 ಮತ್ತು 18ನೇ ಶತಮಾನದ ಇಂಗ್ಲೆಂಡಿನ ‘ರೌಂಡ್‌ಹ್ಯಾಂಡ್’ ಬರಹ. ಚೂಪು ಮೊನೆಯ ಪೆನ್ನನ್ನು ಕೆಳಕ್ಕೆ ಎಳೆಯುವಾಗ ಒತ್ತಿದರೆ ಮೊನೆ ಇಬ್ಭಾಗವಾಗಿ ಅಗಲಿ ದಪ್ಪ ಗೆರೆ ಬೀಳುತ್ತದೆ. ಒತ್ತದೆ ಮೇಲಕ್ಕೆ ಒಯ್ದರೆ ಸಪೂರ ಗೆರೆ. ದಪ್ಪ ಕೆಳಗೆರೆ, ಸಣ್ಣ ಮೇಲ್ಗೆರೆ ಎಂಬ ಈ ಲಯವೇ ಶೈಲಿಯ ಜೀವ. ಆ ಬರಹವನ್ನು ತಾಮ್ರದ ತಗಡಿನಲ್ಲಿ ಕೊರೆದು ಮುದ್ರಿಸಿ ಹಂಚುತ್ತಿದ್ದುದರಿಂದ ಅದಕ್ಕೆ ‘ಕಾಪರ್‌ಪ್ಲೇಟ್’ ಎಂಬ ಹೆಸರೂ ಅಂಟಿಕೊಂಡಿತು. ಹೆಸರು ಕೇಳಿ ಮೋಸಹೋಗಬೇಡಿ, ‘ಕಾಪರ್‌ಪ್ಲೇಟ್ ಗಾಥಿಕ್’ ಎಂಬ ಫಾಂಟ್ ಬೇರೆಯೇ ಇದೆ. ಅದು ನೆಟ್ಟಗೆ ನಿಂತ ಕ್ಯಾಪಿಟಲ್ ಅಕ್ಷರಗಳದ್ದು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಕಾಪರ್‌ಪ್ಲೇಟ್ ಬರಹ ಕಲಿಸುವವರು ಸಾಮಾನ್ಯವಾಗಿ ಅಕ್ಷರಗಳನ್ನು ಅಡಿಗೆರೆಯಿಂದ 55 ಡಿಗ್ರಿಗೆ ಬಾಗಿಸುತ್ತಾರೆ, ಅಮೆರಿಕದ ಸ್ಪೆನ್ಸೇರಿಯನ್ ಬರಹದಲ್ಲಿ 52 ಡಿಗ್ರಿಗೆ. ನೆಟ್ಟಗಿನ ಗೆರೆಯಿಂದ ಅಳೆದರೆ 35-38 ಡಿಗ್ರಿ ವಾಲು. ಸಾಧಾರಣ ಇಟಾಲಿಕ್ ಅಕ್ಷರದ ವಾಲು ಹತ್ತು ಹನ್ನೆರಡು ಡಿಗ್ರಿಯ ಆಸುಪಾಸು. ಸ್ಕ್ರಿಪ್ಟಿನ ಪಕ್ಕದಲ್ಲಿ ಇಟಾಲಿಕ್ ಇಟ್ಟರೆ ಎರಡೂ ಹೊಂದದೆ ತಳ್ಳಾಡುವುದು ಈ ಅಂತರದಿಂದಲೇ.

ಸೀಸದ ಅಚ್ಚುಮೊಳೆಯ ಕಾಲದಲ್ಲಿ ಇಂಥ ಅಕ್ಷರ ಎರಕಹೊಯ್ಯುವುದು ತಲೆನೋವಿನ ಕೆಲಸವಾಗಿತ್ತು. ಮೊಳೆ ಚೌಕದ್ದು, ಅಕ್ಷರ ಓರೆ. ಚೌಕದಿಂದ ಹೊರಚಾಚಿದ ತುದಿಗಳು ಮುರಿದುಹೋಗುತ್ತಿದ್ದವು. ಆ ಮಿತಿಯೊಳಗೂ ಕೊಂಡಿ ಕೂಡಿಸಿ ತೋರಿಸಿದವರಿದ್ದಾರೆ. ರೋಜೆ ಎಕ್ಸ್‌ಕೋಫೋನ್ 1953ರಲ್ಲಿ ರೂಪಿಸಿದ ‘ಮಿಸ್ಟ್ರಾಲ್’ ಅದಕ್ಕೆ ಒಳ್ಳೆಯ ಉದಾಹರಣೆ. ಸೀಸದ ಮೊಳೆಯ ಬದಲು ಬೆಳಕಿನಿಂದ ಫಿಲ್ಮಿನ ಮೇಲೆ ಅಕ್ಷರ ಮೂಡಿಸುವ ಫೋಟೊ ಜೋಡಣೆ ಬಂದ ಮೇಲೆ ಚೌಕದ ಕಟ್ಟು ಸಡಿಲವಾಯಿತು. ಮ್ಯಾಥ್ಯೂ ಕಾರ್ಟರ್ 1966ರಲ್ಲಿ ಕೊಟ್ಟ ‘ಸ್ನೆಲ್ ರೌಂಡ್‌ಹ್ಯಾಂಡ್’ ಆ ಸಡಿಲವನ್ನು ಪೂರ್ತಿ ಬಳಸಿಕೊಂಡ ಫಾಂಟು. ಕಂಪ್ಯೂಟರ್ ಕಾಲದಲ್ಲಿ ಎಡ್ ಬೆಂಗ್ವಿಯಟ್ ಅವರ ‘ಎಡ್ವರ್ಡಿಯನ್ ಸ್ಕ್ರಿಪ್ಟ್’ (1994), ರಿಚರ್ಡ್ ಲಿಪ್ಟನ್ ಅವರ ‘ಬಿಕ್‌ಹ್ಯಾಮ್ ಸ್ಕ್ರಿಪ್ಟ್’ (1997), ಹರ್ಮನ್ ಜಾಫ್ ಅವರ ‘ಜಾಫಿನೊ’ (1998) ಬಂದವು. ಮುಕ್ತ ಪರವಾನಗಿಯಲ್ಲಿ ಸಿಗುವವುಗಳಲ್ಲಿ ‘ಗ್ರೇಟ್ ವೈಬ್ಸ್’, ‘ಪಿನ್ಯನ್ ಸ್ಕ್ರಿಪ್ಟ್’, ‘ಅಲ್ಯೂರಾ’, ‘ಟ್ಯಾಂಜರೀನ್’ ಹೆಚ್ಚು ಬಳಕೆಯಲ್ಲಿವೆ.

ಯಾವ ಕೆಲಸಕ್ಕೆ ಯಾವ ಬಗೆ

ಸ್ಕ್ರಿಪ್ಟ್ ಎಂದಾಕ್ಷಣ ಎಲ್ಲವೂ ಒಂದೇ ಅಲ್ಲ. ಚೂಪು ಮೊನೆಯ ಪೆನ್ನಿನಿಂದ ಹುಟ್ಟಿದ್ದು ಔಪಚಾರಿಕ ಬಗೆ: ದಪ್ಪ-ಸಣ್ಣದರ ಅಂತರ ಹೆಚ್ಚು, ವಾಲು ಹೆಚ್ಚು, ಕ್ಯಾಪಿಟಲ್ ಅಕ್ಷರಗಳಿಗೆ ಸುರುಳಿ ಹೆಚ್ಚು. ಸಮಾರಂಭ, ಗೌರವ, ಹಳೆಯ ಘನತೆಗೆ ಇದು ಸರಿ. ಬ್ರಷ್ಷಿನಿಂದ ಹುಟ್ಟಿದ ಬಗೆಯಲ್ಲಿ ಗೆರೆಗಳು ದಪ್ಪ, ಅಂಚು ಕೆಲವೊಮ್ಮೆ ಒರಟು. ರಾಬರ್ಟ್ ಸ್ಮಿತ್ ಅವರ 1942ರ ‘ಬ್ರಷ್ ಸ್ಕ್ರಿಪ್ಟ್’ ಇದರ ಹಳೆಯ ಮಾದರಿ. ಫಲಕಕ್ಕೆ, ಜಾಹೀರಾತಿಗೆ, ದೂರದಿಂದ ಓದಬೇಕಾದುದಕ್ಕೆ ಇದು. ಮೂರನೆಯದು ಒಂದೇ ದಪ್ಪದ ಗೆರೆಯ ಬಗೆ, ಬಾಲ್‌ಪೆನ್ನಿನಲ್ಲಿ ಬರೆದಂತೆ ಕಾಣುವುದು. ಕೂದಲೆಳೆಯ ಸಮಸ್ಯೆಯೇ ಇದಕ್ಕಿಲ್ಲ. ಕಸೂತಿ, ಲೇಸರ್ ಕಟಿಂಗ್, ನಿಯಾನ್ ದೀಪದ ಹೆಸರುಫಲಕ ಎಂದರೆ ಬೇರೆ ಯೋಚನೆ ಮಾಡದೆ ಇದನ್ನೇ ಹಿಡಿಯಿರಿ.

ಕೊಳ್ಳುವ ಅಥವಾ ಇಳಿಸಿಕೊಳ್ಳುವ ಮೊದಲು ಫಾಂಟನ್ನು ಪರೀಕ್ಷಿಸಲು ಫಾಂಟಿನ ಹೆಸರನ್ನೇ ನೋಡುತ್ತ ಕೂರಬೇಡಿ. ಅದನ್ನು ಫಾಂಟ್ ಮಾಡಿದವರು ಹೇಗಿದ್ದರೂ ತಿದ್ದಿ ತೀಡಿ ಇಟ್ಟಿರುತ್ತಾರೆ. ‘ಮಿನಿಮಮ್’ ಎಂಬ ಪದವನ್ನು ಇಂಗ್ಲಿಷಿನಲ್ಲಿ ಸಣ್ಣಕ್ಷರಗಳಲ್ಲಿ ಟೈಪಿಸಿ: ಏರಿಳಿತದ ಹದಿನೈದು ಗೆರೆಗಳು ಸಮನಾದ ಅಂತರದಲ್ಲಿ ಬರಬೇಕು. ಆಮೇಲೆ ಕಷ್ಟದ ಜೋಡಿಗಳು. ‘ಬಿ’, ‘ಒ’, ‘ವಿ’, ‘ಡಬ್ಲ್ಯೂ’ ಈ ನಾಲ್ಕು ಸಣ್ಣಕ್ಷರಗಳ ಕೊಂಡಿ ಅಡಿಗೆರೆಯಲ್ಲಿ ಅಲ್ಲ, ಮೇಲ್ಭಾಗದಲ್ಲಿ ಹೊರಡುತ್ತದೆ. ಮುಂದೆ ‘ಆರ್’, ‘ಎಸ್’, ‘ಇ’ ಬಂದರೆ ಅವು ಕೆಳಗಿನಿಂದ ಶುರುವಾಗುವಂಥವು. ಇಲ್ಲಿ ಅಡ್ಡಾದಿಡ್ಡಿ ಹೊಲಿಗೆ ಕಂಡರೆ ಆ ಫಾಂಟು ಅರ್ಧಂಬರ್ಧ ಕೆಲಸ ಎಂದು ತಿಳಿಯಿರಿ. ಒಳ್ಳೆಯ ಫಾಂಟಿನಲ್ಲಿ ಈ ಜೋಡಿಗಳಿಗೆಂದೇ ಬದಲಿ ಅಕ್ಷರಗಳಿರುತ್ತವೆ. ಕೊನೆಗೆ ಎರಡು ‘ಟಿ’, ಎರಡು ‘ಎಲ್’ ಅಕ್ಕಪಕ್ಕ ಬರುವ ಪದ ಹಾಕಿ ನೋಡಿ. ಎರಡೂ ಅಚ್ಚೊತ್ತಿದಂತೆ ಒಂದೇ ಆಗಿದ್ದರೆ ಕೈಬರಹದ ಭ್ರಮೆ ಅಲ್ಲಿಗೇ ಒಡೆಯಿತು.

ಗಾತ್ರದ ಲೆಕ್ಕ

ಔಪಚಾರಿಕ ಸ್ಕ್ರಿಪ್ಟಿನಲ್ಲಿ ಸಣ್ಣಕ್ಷರಗಳ ಮೈ ತೀರಾ ಚಿಕ್ಕದು. ತಲೆ, ಬಾಲ, ಸುರುಳಿಗಳೇ ಜಾಗವನ್ನೆಲ್ಲ ತಿನ್ನುತ್ತವೆ. ಹಾಗಾಗಿ 12 ಪಾಯಿಂಟಿನ ಸಾಧಾರಣ ಪಠ್ಯದ ಪಕ್ಕ 12 ಪಾಯಿಂಟಿನ ಸ್ಕ್ರಿಪ್ಟ್ ಇಟ್ಟರೆ ಇರುವೆ ಸಾಲು ಹೋದಂತಿರುತ್ತದೆ. ಪಕ್ಕದ ಪಠ್ಯದ ಒಂದೂವರೆಯಿಂದ ಎರಡು ಪಟ್ಟು ಗಾತ್ರ ಕೊಟ್ಟು ನೋಡಿ, ಸಣ್ಣಕ್ಷರಗಳ ಮೈ ಸರಿಸಮ ಬರುವವರೆಗೆ ಹೆಚ್ಚುಕಮ್ಮಿ ಮಾಡಿ.

ಇದು ಕಣ್ಣಳತೆಯ ಮಾತು. ಕೂದಲೆಳೆಗೆ ಮಾತ್ರ ಕಣ್ಣಳತೆ ಸಾಲದು, ಲೆಕ್ಕ ಬೇಕು. ಲೆಕ್ಕ ಸುಲಭವೇ. ಇಲಸ್ಟ್ರೇಟರ್ ಅಥವಾ ಇಂಕ್‌ಸ್ಕೇಪಿನಂಥ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ 100 ಪಾಯಿಂಟ್ ಗಾತ್ರದಲ್ಲಿ ‘ಎನ್’ ಅಥವಾ ‘ಯು’ ಟೈಪಿಸಿ, ಔಟ್‌ಲೈನಿಗೆ (ಪಠ್ಯವಾಗಿ ಉಳಿಯದೆ ಬರೀ ಆಕಾರವಾಗುವಂತೆ) ಬದಲಿಸಿ, ಅತಿ ಸಪೂರ ಜಾಗದ ದಪ್ಪವನ್ನು ಗೆರೆಗೆ ಅಡ್ಡಲಾಗಿ ಅಳೆಯಿರಿ. 1.2 ಪಾಯಿಂಟ್ ಬಂತೆನ್ನಿ. ಎಂದರೆ ಗೆರೆಯ ದಪ್ಪ ಯಾವಾಗಲೂ ಫಾಂಟ್ ಗಾತ್ರದ ನೂರಕ್ಕೆ 1.2 ಭಾಗ. ಇನ್ನು ಮುದ್ರಣಕ್ಕೆ ಬೇಕಾದ ಕನಿಷ್ಠ ಗೆರೆಯನ್ನು 0.012ರಿಂದ ಭಾಗಿಸಿದರೆ ಕನಿಷ್ಠ ಗಾತ್ರ ಸಿಗುತ್ತದೆ.

ನಯವಾದ ಕಾಗದದ ಮೇಲೆ ಒಂದೇ ಶಾಯಿಯಲ್ಲಿ ಆಫ್‌ಸೆಟ್ ಮುದ್ರಣವಾದರೆ 0.25 ಪಾಯಿಂಟಿನ ಗೆರೆ ನಿಲ್ಲುತ್ತದೆ. 0.25 ಭಾಗಿಸು 0.012, ಸುಮಾರು 21 ಪಾಯಿಂಟ್. ಕಡು ಬಣ್ಣದ ನಡುವೆ ಬಿಳಿ ಅಕ್ಷರ ಬಿಡುವುದಾದರೆ ಸುತ್ತಲಿನ ಶಾಯಿ ಒಳಕ್ಕೆ ಹರಡಿ ಗೆರೆಯನ್ನು ನುಂಗುತ್ತದೆ, ಕನಿಷ್ಠ 0.5 ಪಾಯಿಂಟ್ ಬೇಕು, ಅಂದರೆ 42 ಪಾಯಿಂಟಿನ ಗಾತ್ರ. ಚಿನ್ನದ ಹಾಳೆ ಒತ್ತುವ ಫಾಯಿಲ್ ಕೆಲಸಕ್ಕೂ ಹೆಚ್ಚುಕಡಿಮೆ ಇದೇ ಅಳತೆ ಇಟ್ಟುಕೊಳ್ಳಿ, ಜೊತೆಗೆ ‘ಇ’ ಅಕ್ಷರದ ಕಣ್ಣಿನಂಥ ಒಳಜಾಗವೂ ಅಷ್ಟು ಅಗಲ ಇರಲಿ. ಇಲ್ಲದಿದ್ದರೆ ಹಾಳೆ ತುಂಬಿಕೊಂಡು ಕಣ್ಣು ಮುಚ್ಚಿಹೋಗುತ್ತದೆ. ಕಸೂತಿ ಯಂತ್ರದ ಸ್ಯಾಟಿನ್ ಹೊಲಿಗೆಗೆ ಸುಮಾರು 1 ಮಿಲಿಮೀಟರ್ ಅಗಲ ಬೇಕು, ಅದು 2.83 ಪಾಯಿಂಟ್. ಭಾಗಿಸಿದರೆ 236 ಪಾಯಿಂಟ್! ಅಂಗಿಯ ಜೇಬಿನ ಮೇಲೆ ಅಷ್ಟು ದೊಡ್ಡ ಅಕ್ಷರ ಹೊಲಿಯಲು ಸಾಧ್ಯವಿಲ್ಲ. ಒಂದೇ ದಪ್ಪದ ಬಗೆ ಹಿಡಿಯಿರಿ ಎಂದದ್ದು ಇದಕ್ಕೇ.

ಪರದೆಗೂ ಇದೇ ಲೆಕ್ಕ. 48 ಪಿಕ್ಸೆಲ್ ಗಾತ್ರದಲ್ಲಿ ಆ ಗೆರೆ 0.58 ಪಿಕ್ಸೆಲ್. ಒಂದು ಪಿಕ್ಸೆಲ್ಲಿಗಿಂತ ಸಪೂರವಾದುದನ್ನು ಪರದೆ ಕಪ್ಪಾಗಿ ತೋರಿಸಲಾರದು, ಮಾಸಲು ಬೂದಾಗಿ ತೋರಿಸುತ್ತದೆ. ಸಾಧಾರಣ ಪರದೆಯಲ್ಲಿ ಪೂರ್ತಿ ಕಪ್ಪು ಬರಬೇಕಾದರೆ 83 ಪಿಕ್ಸೆಲ್, ಎರಡು ಪಟ್ಟು ಸಾಂದ್ರತೆಯ ಪರದೆಯಲ್ಲಿ 42. ಇಷ್ಟು ದೊಡ್ಡದು ಇಡಲಾಗದ ಕಡೆ ಬಣ್ಣವನ್ನಾದರೂ ಗಾಢವಾಗಿಡಿ. ತಿಳಿಬೂದು ಬಣ್ಣದ ಸಪೂರ ಸ್ಕ್ರಿಪ್ಟ್ ಅನ್ನು ಬಿಳಿ ಹಿನ್ನೆಲೆಯ ಮೇಲೆ ಹಾಕಿದರೆ ಬರೆಯದೆ ಬಿಟ್ಟಷ್ಟೇ ಫಲ.

ಕೊಂಡಿ ಕಳಚುವ ದಾರಿಗಳು

ಮೊದಲನೆಯದು, ಅತಿ ಸಾಮಾನ್ಯವಾದದ್ದು, ಅಕ್ಷರಗಳ ನಡುವಿನ ಅಂತರ. ಟ್ರ್ಯಾಕಿಂಗ್, ಲೆಟರ್ ಸ್ಪೇಸಿಂಗ್, ಕ್ಯಾರೆಕ್ಟರ್ ಸ್ಪೇಸಿಂಗ್ ಎಂದು ಒಂದೊಂದು ಸಾಫ್ಟ್‌ವೇರಿನಲ್ಲಿ ಒಂದೊಂದು ಹೆಸರು. ಅದು ಸೊನ್ನೆಯೇ ಇರಬೇಕು. ಹೆಚ್ಚಿಸಿದರೆ ಬಿರುಕು, ತಗ್ಗಿಸಿದರೆ ಕೊಂಡಿಗಳು ಒಂದರ ಮೇಲೊಂದು ಹತ್ತಿ ಗಂಟು. ಬ್ರೌಸರಿನಲ್ಲಿ ಇನ್ನೊಂದು ಪೆಟ್ಟೂ ಇದೆ: ತಾಣದ ರೂಪ ನಿರ್ಧರಿಸುವ ಸಿಎಸ್ಎಸ್ಸಿನಲ್ಲಿ ಲೆಟರ್-ಸ್ಪೇಸಿಂಗ್ ಸೊನ್ನೆ ಅಲ್ಲದಿದ್ದರೆ ಬ್ರೌಸರ್ ಐಚ್ಛಿಕ ಲಿಗೇಚರುಗಳನ್ನು (ಎರಡು ಮೂರು ಅಕ್ಷರ ಬೆಸೆದ ಒಂದೇ ರೂಪಗಳನ್ನು) ಬಳಸುವುದನ್ನೇ ಬಿಡುತ್ತದೆ. ಇಡೀ ತಾಣದ ಶೀರ್ಷಿಕೆಗಳಿಗೆ 0.05 ಎಮ್ (ಫಾಂಟ್ ಗಾತ್ರದ ನೂರಕ್ಕೆ 5 ಭಾಗ) ಅಂತರ ಕೊಟ್ಟಿದ್ದರೆ ಅದು ಸದ್ದಿಲ್ಲದೆ ಸ್ಕ್ರಿಪ್ಟಿಗೂ ಅಂಟಿಕೊಂಡಿರುತ್ತದೆ; ಆ ಜಾಗದಲ್ಲಿ ಮರಳಿ ‘ನಾರ್ಮಲ್’ ಮಾಡಿ.

ಎರಡನೆಯದು ಕರ್ನಿಂಗ್, ಎಂದರೆ ಒಂದೊಂದು ಅಕ್ಷರಜೋಡಿಯ ನಡುವಿನ ಅಂತರ ಹೊಂದಿಸುವುದು. ಅಡೋಬಿಯ ತಂತ್ರಾಂಶಗಳಲ್ಲಿ ‘ಮೆಟ್ರಿಕ್ಸ್’, ‘ಆಪ್ಟಿಕಲ್’ ಎಂಬ ಎರಡು ಆಯ್ಕೆಗಳಿವೆ. ಬಿಡಿ ಅಕ್ಷರಗಳ ಫಾಂಟಿಗೆ ಆಪ್ಟಿಕಲ್ ಕೆಲವೊಮ್ಮೆ ಒಳ್ಳೆಯದು ಮಾಡುತ್ತದೆ. ಸ್ಕ್ರಿಪ್ಟಿಗೆ ಅದು ಶತ್ರು: ಆಕಾರ ನೋಡಿ ತನ್ನದೇ ಲೆಕ್ಕದಲ್ಲಿ ಅಕ್ಷರ ಸರಿಸುತ್ತದೆ, ಕೊಂಡಿ ಎಲ್ಲಿ ಕೂಡಬೇಕೆಂಬುದು ಅದಕ್ಕೆ ಗೊತ್ತಿಲ್ಲ. ಮೆಟ್ರಿಕ್ಸ್ ಇಟ್ಟರೆ ಫಾಂಟ್ ರೂಪಿಸಿದವರು ಅಳೆದಿಟ್ಟ ಜಾಗದಲ್ಲೇ ಅಕ್ಷರ ಕೂರುತ್ತದೆ. ಕೈಯಿಂದ ಸರಿಪಡಿಸುವ ಅಗತ್ಯ ಬೀಳುವುದು ಕ್ಯಾಪಿಟಲ್ ಅಕ್ಷರದ ನಂತರ ಮಾತ್ರ. ‘ಟಿ’, ‘ಎಫ್’, ‘ಪಿ’, ‘ವಿ’ಯಂಥ ಕ್ಯಾಪಿಟಲ್‌ಗಳಿಗೆ ಹಲವು ಫಾಂಟುಗಳಲ್ಲಿ ಕೊಂಡಿ ಇರುವುದಿಲ್ಲ, ಅಲ್ಲಿ ಒಂದಿಷ್ಟು ಹತ್ತಿರ ತಂದರೆ ಸಾಕು.

ಜಸ್ಟಿಫೈ ಮಾಡಿದ ಪಠ್ಯದಲ್ಲಿ ಸಾಲು ತುಂಬಿಸಲು ಸಾಫ್ಟ್‌ವೇರ್ ಅಕ್ಷರಗಳನ್ನೂ ಎಳೆಯಬಹುದು. ಎಡಕ್ಕೆ ಅಥವಾ ನಡುವಿಗೆ ಹೊಂದಿಸಿ, ಹೈಫನ್ ಒಡೆಯುವುದನ್ನು ನಿಲ್ಲಿಸಿ. ವೃತ್ತದ ಮೇಲೆ ಬರೆಯುವಾಗಲೂ ಇದೇ ಗತಿ. ಉಬ್ಬಿದ ಬದಿಯಲ್ಲಿ ಬರೆದರೆ ಅಕ್ಷರಗಳ ತಲೆ ಅಗಲಿ ಮೇಲಿನ ಕೊಂಡಿಗಳು ಬಿಡುತ್ತವೆ, ತಗ್ಗಿನ ಬದಿಯಲ್ಲಿ ತಲೆಗಳು ಡಿಕ್ಕಿ ಹೊಡೆಯುತ್ತವೆ. ಕಮಾನು ತೀರಾ ಸಡಿಲವಾಗಿದ್ದರೆ ನಡೆದೀತು. ದುಂಡು ಮುದ್ರೆಯ ಸುತ್ತ ಸ್ಕ್ರಿಪ್ಟ್ ಬೇಡವೇ ಬೇಡ.

ಒಂದೊಂದೇ ಅಕ್ಷರ ಕುಣಿದು ಬರುವಂಥ ಅನಿಮೇಷನ್ ಮಾಡಲು ವೆಬ್ಬಿನಲ್ಲಿ ಪ್ರತಿ ಅಕ್ಷರವನ್ನು ಬೇರೆ ಬೇರೆ ಸ್ಪ್ಯಾನಿಗೆ ಹಾಕಿ ‘ಇನ್‌ಲೈನ್-ಬ್ಲಾಕ್’ ಮಾಡುತ್ತಾರೆ. ಆಗ ಪಕ್ಕದ ಅಕ್ಷರ ಯಾವುದೆಂದು ಫಾಂಟಿಗೆ ತಿಳಿಯುವುದೇ ಇಲ್ಲ. ಬದಲಿ ಅಕ್ಷರಗಳು, ಲಿಗೇಚರ್, ಕರ್ನಿಂಗ್ ಮೂರೂ ಹೋದವು. ಇಡೀ ಪದವನ್ನು ಒಂದೇ ತುಂಡಾಗಿ ಇಟ್ಟು, ಎಡದಿಂದ ಬಲಕ್ಕೆ ಪರದೆ ಸರಿದಂತೆ ತೋರಿಸಿ. ಬರೆಯುತ್ತಿರುವ ಭಾಸವೂ ಅದರಲ್ಲೇ ಹೆಚ್ಚು.

ಇನ್ನು ಎಲ್ಲವೂ ಕ್ಯಾಪಿಟಲ್‌ನಲ್ಲಿ ಬರೆಯುವುದು. ಸುರುಳಿ ಕ್ಯಾಪಿಟಲ್‌ಗಳು ಪದದ ಬಾಗಿಲಲ್ಲಿ ಒಂಟಿಯಾಗಿ ನಿಲ್ಲಲೆಂದೇ ಹುಟ್ಟಿದವು. ಐದಾರನ್ನು ಸಾಲಾಗಿ ನಿಲ್ಲಿಸಿದರೆ ಒಂದರ ಬಳ್ಳಿ ಇನ್ನೊಂದಕ್ಕೆ ಸುತ್ತಿಕೊಂಡು ಏನು ಬರೆದಿದೆ ಎಂದು ಬರೆದವರಿಗೂ ಗೊತ್ತಾಗದು. ಸಂಕ್ಷಿಪ್ತ ಹೆಸರುಗಳನ್ನು, ಪದವಿಗಳ ಮೊದಲಕ್ಷರಗಳನ್ನು ಬೇರೆ ಫಾಂಟಿನಲ್ಲಿ ಹಾಕಿ.

ಸಾಫ್ಟ್‌ವೇರಿನಲ್ಲಿ ಏನನ್ನು ಆನ್ ಮಾಡಬೇಕು

ಒಳ್ಳೆಯ ಸ್ಕ್ರಿಪ್ಟ್ ಫಾಂಟ್ ಕೊಂಡು ಅದರ ಅರ್ಧ ಅಕ್ಷರಗಳನ್ನು ನೋಡದೆಯೇ ಬಿಡುವವರು ಬಹಳ. ಆ ಅಕ್ಷರಗಳು ಓಪನ್‌ಟೈಪ್ ಎಂಬ ಫಾಂಟ್ ಮಾದರಿಯ ಸೌಲಭ್ಯಗಳ ಹಿಂದೆ ಅಡಗಿರುತ್ತವೆ. ‘ಕಾಂಟೆಕ್ಸ್ಚುಯಲ್ ಆಲ್ಟರ್ನೇಟ್ಸ್’ ಅಕ್ಕಪಕ್ಕ ನೋಡಿ ಕೊಂಡಿ ಸರಿಪಡಿಸುತ್ತದೆ, ಇದು ಯಾವಾಗಲೂ ಆನ್ ಇರಲಿ. ‘ಸ್ಟ್ಯಾಂಡರ್ಡ್ ಲಿಗೇಚರ್ಸ್’ ಕೂಡ. ‘ಸ್ವಾಷ್’ ಸುರುಳಿಗಳನ್ನು ತರುತ್ತದೆ. ‘ಸ್ಟೈಲಿಸ್ಟಿಕ್ ಸೆಟ್’ಗಳು 1ರಿಂದ 20ರವರೆಗೆ ಇರಬಹುದು, ಒಂದೊಂದರಲ್ಲೂ ಬೇರೆ ರೂಪ. ಜಾಫಿನೊ ಈ ಆಟವನ್ನು ಎಷ್ಟು ದೂರ ಒಯ್ದಿದೆಯೆಂದರೆ, ಮ್ಯಾಕಿನಲ್ಲಿ ಆ ಫಾಂಟಿನ ಹೆಸರನ್ನೇ ಟೈಪಿಸಿದರೆ ಇಡೀ ಪದ ಒಂದೇ ಲಿಗೇಚರಾಗಿ ಬದಲಾಗುತ್ತದೆ.

ವರ್ಡ್‌ನಲ್ಲಿ ಪದ ಆಯ್ದು ಕಂಟ್ರೋಲ್ ಮತ್ತು ಡಿ ಒತ್ತಿ, ‘ಅಡ್ವಾನ್ಸ್ಡ್’ ಪುಟಕ್ಕೆ ಹೋಗಿ. ‘ಕರ್ನಿಂಗ್ ಫಾರ್ ಫಾಂಟ್ಸ್’ಗೆ ಗುರುತು ಹಾಕಿ, ಲಿಗೇಚರ್ಸ್‌ನಲ್ಲಿ ‘ಸ್ಟ್ಯಾಂಡರ್ಡ್ ಅಂಡ್ ಕಾಂಟೆಕ್ಸ್ಚುಯಲ್’ ಆರಿಸಿ, ‘ಯೂಸ್ ಕಾಂಟೆಕ್ಸ್ಚುಯಲ್ ಆಲ್ಟರ್ನೇಟ್ಸ್’ಗೂ ಗುರುತು ಹಾಕಿ. ಅಲ್ಲೇ ಸ್ಟೈಲಿಸ್ಟಿಕ್ ಸೆಟ್ ಸಂಖ್ಯೆಗಳೂ ಇವೆ. ವಿಂಡೋಸ್ ಜೊತೆ ಬರುವ ‘ಗ್ಯಾಬ್ರಿಯೋಲಾ’ದಲ್ಲಿ ಒಂದೊಂದೇ ಸಂಖ್ಯೆ ಬದಲಿಸಿ ನೋಡಿದರೆ ಈ ಸೌಲಭ್ಯ ಏನೆಂದು ಐದು ನಿಮಿಷದಲ್ಲಿ ಅರ್ಥವಾಗುತ್ತದೆ. ವರ್ಡ್ 2010ಕ್ಕಿಂತ ಹಳೆಯದಾದರೆ ಇವು ಇಲ್ಲ. ಲಿಬ್ರೆಆಫೀಸಿನಲ್ಲಿ ಕ್ಯಾರೆಕ್ಟರ್ ಕಿಟಕಿಯಲ್ಲಿ ‘ಫೀಚರ್ಸ್’ ಬಟನ್, ಇಂಕ್‌ಸ್ಕೇಪಿನಲ್ಲಿ ‘ಟೆಕ್ಸ್ಟ್ ಅಂಡ್ ಫಾಂಟ್’ ಕಿಟಕಿಯ ಫೀಚರ್ಸ್ ಪುಟ, ಇಲಸ್ಟ್ರೇಟರ್‌ನಲ್ಲಿ ಓಪನ್‌ಟೈಪ್ ಪ್ಯಾನೆಲ್. ಒಂದೇ ಅಕ್ಷರದ ರೂಪ ಬದಲಿಸಬೇಕಾದರೆ ಫಾಂಟಿನ ಎಲ್ಲ ಅಕ್ಷರರೂಪಗಳನ್ನು ತೋರಿಸುವ ಗ್ಲಿಫ್ಸ್ ಪ್ಯಾನೆಲ್ ತೆರೆದು ಬೇಕಾದುದರ ಮೇಲೆ ಎರಡು ಬಾರಿ ಕ್ಲಿಕ್ ಮಾಡಿ.

ವೆಬ್ಬಿಗೆ ಫಾಂಟ್ ಹಗುರ ಮಾಡಲು ಬೇಡದ ಅಕ್ಷರಗಳನ್ನು ಕತ್ತರಿಸುತ್ತಾರಲ್ಲ, ಆಗ ಈ ಸೌಲಭ್ಯಗಳ ಕೋಷ್ಟಕಗಳೂ ಕತ್ತರಿಸಿಹೋಗಬಹುದು. ಕಂಪ್ಯೂಟರಿನಲ್ಲಿ ಸರಿ ಇದ್ದದ್ದು ತಾಣದಲ್ಲಿ ಬಿರುಕು ಬಿಟ್ಟರೆ ಮೊದಲ ಅನುಮಾನ ಇದರ ಮೇಲಿರಲಿ. ಕತ್ತರಿಸಲು ಫಾಂಟ್‌ಟೂಲ್ಸ್ ಎಂಬ ತಂತ್ರಾಂಶ ಬಳಸುವವರು ಲೇಔಟ್ ಫೀಚರುಗಳನ್ನೆಲ್ಲ ಉಳಿಸುವ ಆಯ್ಕೆಯನ್ನು ಕೊಟ್ಟೇ ಕತ್ತರಿಸಬೇಕು.

ಸುರುಳಿಗೆ ಮಿತಿ

ಸ್ವಾಷ್ ಎಂದರೆ ಖಾಲಿ ಜಾಗದತ್ತ ಚಾಚಿದ ಕೈ. ಪದದ ಮೊದಲಕ್ಷರ ಎಡಕ್ಕೆ ಚಾಚಬಹುದು, ಕೊನೆಯಕ್ಷರ ಬಲಕ್ಕೆ. ನಡುವಿನಲ್ಲಿ ‘ವೈ’, ‘ಜಿ’ಯಂಥ ಬಾಲದ ಅಕ್ಷರವೊಂದಿದ್ದರೆ ಅದರ ಬಾಲವನ್ನು ಕೆಳಗೆ ಬಳಸಿ ಎಳೆಯಬಹುದು, ಅದೂ ಅಲ್ಲಿ ಬೇರೆ ಬಾಲ ಇಲ್ಲದಿದ್ದರೆ. ಒಂದು ಸಾಲಿಗೆ ಎರಡು ದೊಡ್ಡ ಸುರುಳಿ ಸಾಕು. ಮೊದಲು ಸುರುಳಿಯೇ ಇಲ್ಲದೆ ಪದವನ್ನು ಇಟ್ಟು, ಖಾಲಿ ಎಲ್ಲಿ ಉಳಿದಿದೆ ಎಂದು ನೋಡಿ, ಅಲ್ಲಿಗೆ ಮಾತ್ರ ಒಂದನ್ನು ಸೇರಿಸಿ.

ಎರಡು ಸಾಲು ಬಂದಾಗ ಮೇಲಿನ ಸಾಲಿನ ಬಾಲ ಕೆಳಗಿನ ಸಾಲಿನ ತಲೆಗೆ ಬಡಿಯುತ್ತದೆ. ಎಲ್ಲರೂ ಮಾಡುವುದು ಸಾಲಿನ ಅಂತರ ಹೆಚ್ಚಿಸುವುದು, ಆಗ ಎರಡು ಸಾಲೂ ಪರಸ್ಪರ ಪರಿಚಯವಿಲ್ಲದವರಂತೆ ದೂರ ನಿಲ್ಲುತ್ತವೆ. ಅದರ ಬದಲು ಬಡಿಯುವ ಅಕ್ಷರಕ್ಕೆ ಗಿಡ್ಡ ಬಾಲದ ಬದಲಿ ರೂಪ ಹಾಕಿ, ಇಲ್ಲವೇ ಒಂದು ಸಾಲನ್ನು ಕೊಂಚ ಬಲಕ್ಕೆ ಸರಿಸಿ ಬಾಲ ಎರಡು ತಲೆಗಳ ನಡುವೆ ಇಳಿಯುವಂತೆ ಮಾಡಿ.

ನಡುವಿಗೆ ತರುವಾಗ ಸಾಫ್ಟ್‌ವೇರಿನ ಮಾತು ಕೇಳಬೇಡಿ. ಎಡಕ್ಕೆ ಉದ್ದದ ಸುರುಳಿ ಇದ್ದರೆ ಅದನ್ನೂ ಸೇರಿಸಿ ಅಳೆಯುವ ಅಲೈನ್ ಬಟನ್ ಪದದ ಮೈಯನ್ನು ಬಲಕ್ಕೆ ತಳ್ಳಿಬಿಡುತ್ತದೆ. ಸುರುಳಿ ಬಿಟ್ಟು ಅಕ್ಷರಗಳ ಮೈಯಷ್ಟನ್ನೇ ನಡುವಿಗೆ ತನ್ನಿ.

ಸುರುಳಿ ಕತ್ತರಿಸಿಹೋಗುವುದು ಇನ್ನೊಂದು ಕಾಟ. ವರ್ಡ್‌ನಲ್ಲಿ ಸಾಲಿನ ಅಂತರ ‘ಎಕ್ಸಾಕ್ಟ್ಲಿ’ ಎಂದು ಇದ್ದರೆ ತಲೆ ಕತ್ತರಿಸುತ್ತದೆ, ‘ಮಲ್ಟಿಪಲ್’ ಮಾಡಿ. ವೆಬ್ಬಿನಲ್ಲಿ ಓವರ್‌ಫ್ಲೋ ‘ಹಿಡನ್’ ಇರುವ ಪೆಟ್ಟಿಗೆ, ಅಥವಾ ಅಕ್ಷರಕ್ಕೆ ಚಿನ್ನದ ಗ್ರೇಡಿಯೆಂಟ್ ತುಂಬಲು ಬಳಸುವ ‘ಬ್ಯಾಕ್‌ಗ್ರೌಂಡ್-ಕ್ಲಿಪ್’ ಕಾರಣವಾಗಿರುತ್ತದೆ, ಸುತ್ತ 0.3ರಿಂದ 0.5 ಎಮ್ ಪ್ಯಾಡಿಂಗ್ ಕೊಟ್ಟರೆ ಸರಿಹೋಗುತ್ತದೆ. ಇದಕ್ಕೆ ತಿರುಗುಮುರುಗಾದ ಸಮಸ್ಯೆ ಜಾಫಿನೊದ್ದು. ಅದರ ಸಹಜ ಸಾಲೆತ್ತರವೇ ಫಾಂಟ್ ಗಾತ್ರದ ಮೂರು ಪಟ್ಟಿಗೂ ಹೆಚ್ಚು. ಲೈನ್-ಹೈಟ್ ಅನ್ನು ನೀವೇ ನಿಗದಿ ಮಾಡದಿದ್ದರೆ ಪುಟದಲ್ಲಿ ಅಕಾರಣ ಬಯಲು ಕಾಣಿಸಿಕೊಳ್ಳುತ್ತದೆ.

ಎಳೆಯಬೇಡಿ, ಉಬ್ಬಿಸಬೇಡಿ

ಜಾಗ ತುಂಬಲು ಪದವನ್ನು ಅಡ್ಡಕ್ಕೆ ಎಳೆಯುವ ಚಾಳಿ ಇದೆಯಲ್ಲ, ಅದರ ಫಲ ಇಲ್ಲಿ ಬೇರೆ ಫಾಂಟುಗಳಿಗಿಂತ ಕೆಟ್ಟದು. 55 ಡಿಗ್ರಿಯಲ್ಲಿ ನಿಂತ ಅಕ್ಷರವನ್ನು ಅಡ್ಡಕ್ಕೆ ನೂರಕ್ಕೆ 120ರಷ್ಟು ಎಳೆದರೆ ಕೋನ 50 ಡಿಗ್ರಿಗೆ ಬೀಳುತ್ತದೆ, ಕೆಳಗೆರೆಗಳು ದಪ್ಪಗಾಗುತ್ತವೆ, ದುಂಡು ‘ಒ’ ಚಪ್ಪಟೆಯಾಗುತ್ತದೆ. ಬೋಲ್ಡ್ ಬಟನ್ ಒತ್ತಿದರೂ ಅನಾಹುತವೇ. ಬೋಲ್ಡ್ ರೂಪ ಇಲ್ಲದ ಫಾಂಟಿಗೆ ಸಾಫ್ಟ್‌ವೇರ್ ಸುತ್ತಲೂ ಗೆರೆ ಉಬ್ಬಿಸಿ ಹುಸಿ ಬೋಲ್ಡ್ ಮಾಡುತ್ತದೆ. ದಪ್ಪ-ಸಣ್ಣದರ ಅಂತರ ಕುಗ್ಗಿ, ಒಳಗಣ್ಣುಗಳು ತುಂಬಿಕೊಳ್ಳುತ್ತವೆ. ಇಟಾಲಿಕ್ ಬಟನ್ ಒತ್ತಿದರೆ ಮೊದಲೇ ಬಾಗಿದ್ದು ಮಲಗಿಬಿಡುತ್ತದೆ. ವೆಬ್ಬಿನಲ್ಲಿ ಶೀರ್ಷಿಕೆಗಳು ತಾವಾಗಿ ಬೋಲ್ಡ್ ಆಗುವುದರಿಂದ ಫಾಂಟ್-ವೇಟ್ 400 ಎಂದು ಬರೆದು, ಫಾಂಟ್-ಸಿಂಥೆಸಿಸ್ ‘ನನ್’ ಮಾಡಿಡಿ.

ಯಾವುದರ ಜೊತೆ ಇಡಬೇಕು

ಸ್ಕ್ರಿಪ್ಟಿನಲ್ಲಿ ಹಾಕುವುದು ಎರಡರಿಂದ ನಾಲ್ಕು ಪದ. ಉಳಿದದ್ದೆಲ್ಲ ಗಂಭೀರವಾಗಿ ನಿಂತ ಬೇರೆ ಫಾಂಟಿನಲ್ಲಿ. ಇಡೀ ಆಹ್ವಾನವನ್ನೇ ಸ್ಕ್ರಿಪ್ಟಿನಲ್ಲಿ ಸುರಿದರೆ ಓದುವವರು ಮೂರನೇ ಸಾಲಿಗೆ ಸುಸ್ತಾಗುತ್ತಾರೆ. ದಪ್ಪ-ಸಣ್ಣದರ ಅಂತರವಿರುವ ಸೆರಿಫ್ (ತುದಿಗಳಲ್ಲಿ ಚಿಕ್ಕ ಅಡ್ಡಗೆರೆ ಇರುವ) ಫಾಂಟ್ ಔಪಚಾರಿಕ ಸ್ಕ್ರಿಪ್ಟಿಗೆ ಸಹಜ ಜೊತೆ. ಆ ಅಡ್ಡಗೆರೆ ಇಲ್ಲದ ಹಗುರವಾದ ಸಾನ್ಸ್ ಇಟ್ಟರೆ ಹೊಸ ಕಾಲದ ನೋಟ ಬರುತ್ತದೆ. ಎರಡು ಸ್ಕ್ರಿಪ್ಟುಗಳನ್ನು ಒಂದೇ ಪುಟದಲ್ಲಿ ಇಡಬೇಡಿ.

ವಿಳಾಸ, ದೂರವಾಣಿ ಸಂಖ್ಯೆ, ಸಮಯ, ದಿನಾಂಕಗಳು ಸ್ಕ್ರಿಪ್ಟಿಗಲ್ಲ. ಹೆಸರುಗಳ ವಿಚಾರದಲ್ಲೂ ಎಚ್ಚರ ಬೇಕು. ಸುರುಳಿ ಕ್ಯಾಪಿಟಲ್‌ಗಳಲ್ಲಿ ‘ಐ’ ಮತ್ತು ‘ಜೆ’, ‘ಟಿ’ ಮತ್ತು ‘ಎಫ್’, ‘ಎಲ್’ ಮತ್ತು ‘ಎಸ್’ ಒಂದೇ ತೆರನಾಗಿ ಕಾಣುವುದುಂಟು. ‘ಕ್ಯೂ’ ಎರಡರ ಅಂಕಿಯಂತೆ. ಪ್ರಮಾಣಪತ್ರದ ಮೇಲೆ ಒಬ್ಬರ ಹೆಸರನ್ನು ಇನ್ನೊಂದಾಗಿ ಓದುವಂತಾದರೆ ಅಂದದಿಂದ ಏನು ಪ್ರಯೋಜನ? ಆ ಹೆಸರು ಮೊದಲೇ ಗೊತ್ತಿಲ್ಲದವರ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸಿ. ತಡವರಿಸಿದರೆ ಸರಳ ಕ್ಯಾಪಿಟಲ್ ರೂಪ ಹಾಕಿ.

ಕನ್ನಡದ ಜೊತೆ ಇಡುವಾಗ ಬೇರೆ ತೊಡಕುಗಳಿವೆ. ಕನ್ನಡದ ಅಕ್ಷರ ನೆಟ್ಟಗೆ ದುಂಡಗೆ ನಿಲ್ಲುತ್ತದೆ, ಒತ್ತಕ್ಷರ ಕೆಳಕ್ಕೆ ಇಳಿಯುತ್ತದೆ. ಕನ್ನಡದ ಸಾಲಿನ ಕೆಳಗೆ ಸ್ಕ್ರಿಪ್ಟ್ ಬಂದರೆ ಒತ್ತಕ್ಷರಗಳೂ ಕ್ಯಾಪಿಟಲ್‌ನ ಸುರುಳಿಯೂ ಡಿಕ್ಕಿ ಹೊಡೆಯುತ್ತವೆ. ಸ್ಕ್ರಿಪ್ಟ್ ಮೇಲಿಟ್ಟು ಕನ್ನಡ ಕೆಳಗಿಟ್ಟರೆ ಇಕ್ಕಟ್ಟು ಕಡಿಮೆ. ಹೊಂದಿಕೆಯಾಗಲೆಂದು ಕನ್ನಡವನ್ನು ಹುಸಿ ಇಟಾಲಿಕ್ ಮಾಡಿ ಬಾಗಿಸಬೇಡಿ, ದುಂಡುಗಳೆಲ್ಲ ಸೊಟ್ಟಗಾಗುತ್ತವೆ. ಈ ಸ್ಕ್ರಿಪ್ಟ್ ಫಾಂಟುಗಳಲ್ಲಿ ಕನ್ನಡದ ಅಕ್ಷರಗಳು ಇರುವುದಿಲ್ಲ: ಯೂನಿಕೋಡ್ ಕನ್ನಡ ಪಠ್ಯಕ್ಕೆ ಅನ್ವಯಿಸಿದರೆ ಸಾಫ್ಟ್‌ವೇರ್ ತನಗೆ ಸಿಕ್ಕ ಬೇರೊಂದು ಕನ್ನಡ ಫಾಂಟ್ ತಂದಿಡುತ್ತದೆ ಅಥವಾ ಖಾಲಿ ಚೌಕಗಳನ್ನು ತೋರಿಸುತ್ತದೆ. ಯೂನಿಕೋಡ್ ಅಲ್ಲದ ಹಳೆಯ ಕನ್ನಡ ಫಾಂಟಿನಲ್ಲಿ ಟೈಪಿಸಿದ್ದಾದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಸುರುಳಿ ಸುರುಳಿಯಾಗಿ ಬರುತ್ತವೆ.

ಸಾಮಾಜಿಕ ಜಾಲತಾಣದ ಪರಿಚಯದ ಸಾಲಿನಲ್ಲಿ ಕೆಲವರು ನಕಲಿಸಿ ಅಂಟಿಸುವ ‘ಸ್ಟೈಲಿಷ್’ ಅಕ್ಷರಗಳು ಫಾಂಟೇ ಅಲ್ಲ. ಅವು ಗಣಿತದ ಚಿಹ್ನೆಗಳೆಂದು 2001ರಲ್ಲಿ ಯೂನಿಕೋಡಿಗೆ ಸೇರಿದ ಸಂಕೇತಗಳು. ಹೆಸರು ಹುಡುಕಿದರೆ ಸಿಗದಿರಬಹುದು, ದೃಷ್ಟಿದೋಷವಿರುವವರು ಬಳಸುವ ಓದುವ ತಂತ್ರಾಂಶ ಅವನ್ನು ಒಂದೊಂದಾಗಿ ಚಿಹ್ನೆಯ ಹೆಸರಿನಿಂದ ಓದುತ್ತದೆ ಅಥವಾ ಹಾರಿಸಿಬಿಡುತ್ತದೆ.

ಮುದ್ರಣಕ್ಕೆ, ಕತ್ತರಿಸಲು ಕಳಿಸುವಾಗ

ಬಣ್ಣ ಒಂದೇ ಶಾಯಿಯದಾಗಿರಲಿ: ಕಪ್ಪಾದರೆ ನೂರಕ್ಕೆ ನೂರು ಕಪ್ಪು ಶಾಯಿ ಮಾತ್ರ. ನಾಲ್ಕು ಶಾಯಿ ಬೆರೆಸಿದ ಕಪ್ಪಿನಲ್ಲಿ ತಗಡುಗಳು ಕೂದಲಿನಷ್ಟು ಸರಿದರೂ ಸಪೂರ ಗೆರೆಯ ಅಕ್ಕಪಕ್ಕ ಬಣ್ಣದ ನೆರಳು ಕಾಣುತ್ತದೆ. ನೂರಕ್ಕೆ 40ರ ಬೂದು ಇನ್ನೂ ಕೆಟ್ಟದು, ಏಕೆಂದರೆ ತಿಳಿ ಬಣ್ಣ ಅಚ್ಚಾಗುವುದೇ ಚುಕ್ಕಿಗಳಾಗಿ. ಗೆರೆ ಚುಕ್ಕಿಗಿಂತ ಸಪೂರವಾದರೆ ಅದು ಗೆರೆಯಾಗಿ ಉಳಿಯದು, ಚುಕ್ಕಿಸಾಲಾಗುತ್ತದೆ. ಬೂದು ಬೇಕೇಬೇಕಾದರೆ ಅದೇ ಬಣ್ಣದ ಸ್ಪಾಟ್ ಶಾಯಿ (ಮೊದಲೇ ಆ ಬಣ್ಣಕ್ಕೆ ಬೆರೆಸಿಟ್ಟ ಶಾಯಿ) ಬಳಸಿ.

ಔಟ್‌ಲೈನಿಗೆ ಬದಲಿಸುವ ಮೊದಲು ಪಠ್ಯವಿರುವ ಒಂದು ಪ್ರತಿ ಎತ್ತಿಡಿ. ಬದಲಿಸಿದ ಮೇಲೆ ಪ್ರತಿ ಅಕ್ಷರವೂ ಬೇರೆ ಆಕಾರ, ಕೊಂಡಿಗಳಲ್ಲಿ ಒಂದರ ಮೇಲೊಂದು ಹತ್ತಿ ಕೂತಿರುತ್ತದೆ. ಪಾರದರ್ಶಕತೆ ಕೊಟ್ಟರೆ ಹತ್ತಿದ ಜಾಗ ಗಾಢವಾಗಿ ಕಾಣುತ್ತದೆ; ಸುತ್ತ ಗೆರೆ ಕೊಟ್ಟರೆ ಕೊಂಡಿಯ ಒಳಗೆಲ್ಲ ಗೆರೆ ಹಾಯುತ್ತದೆ; ಎಲ್ಲವನ್ನೂ ಒಂದು ಕಾಂಪೌಂಡ್ ಪಾತ್ ಮಾಡಿದರೆ ಕೆಲವೊಮ್ಮೆ ಹತ್ತಿದ ಜಾಗದಲ್ಲಿ ಬಿಳಿ ತೂತು ಬೀಳುತ್ತದೆ. ಮೂರಕ್ಕೂ ಮದ್ದು ಒಂದೇ, ಆಕಾರಗಳನ್ನು ಬೆಸೆಯುವುದು: ಇಲಸ್ಟ್ರೇಟರ್‌ನ ಪಾತ್‌ಫೈಂಡರಿನಲ್ಲಿ ‘ಯುನೈಟ್’, ಇಂಕ್‌ಸ್ಕೇಪಿನಲ್ಲಿ ‘ಯೂನಿಯನ್’, ಕಟಿಂಗ್ ತಂತ್ರಾಂಶಗಳಲ್ಲಿ ‘ವೆಲ್ಡ್’. ವಿನೈಲ್ ಕತ್ತರಿಸುವಾಗ ಇದನ್ನು ಮರೆತರೆ ಬ್ಲೇಡು ಪ್ರತಿ ಕೊಂಡಿಯನ್ನೂ ಅಡ್ಡ ಕೊಯ್ದು ಪದವನ್ನು ಚೂರುಚೂರು ಮಾಡುತ್ತದೆ. ಅಂತರ, ಸುರುಳಿ ಎಲ್ಲ ಅಂತಿಮವಾದ ಮೇಲಷ್ಟೇ ಬೆಸೆಯಿರಿ, ಆಮೇಲೆ ಅಕ್ಷರ ತಿದ್ದಲು ಬಾರದು. ‘ಐ’, ‘ಜೆ’ ಅಕ್ಷರಗಳ ಚುಕ್ಕಿಗಳು ಬೆಸೆದ ಮೇಲೂ ಬಿಡಿಯಾಗಿಯೇ ಇರುತ್ತವೆ. ಮರ ಅಥವಾ ಅಕ್ರಿಲಿಕ್ ಕತ್ತರಿಸುವುದಾದರೆ ಅವು ಉದುರಿ ಬೀಳದಂತೆ ಪದಕ್ಕೆ ತಾಗಿಸಿಯೇ ಬೆಸೆಯಬೇಕು.

ಪರವಾನಗಿ ಓದದೆ ಕಡತ ಕಳಿಸಬೇಡಿ. ಎಸ್ಐಎಲ್ ಓಪನ್ ಫಾಂಟ್ ಲೈಸೆನ್ಸ್ ಇರುವ ಫಾಂಟನ್ನು ವ್ಯಾಪಾರಿ ಕೆಲಸಕ್ಕೂ ಲಾಂಛನಕ್ಕೂ ವೆಬ್ಬಿಗೂ ಬಳಸಬಹುದು, ಫಾಂಟನ್ನೇ ಬಿಡಿಯಾಗಿ ಮಾರುವಂತಿಲ್ಲ ಅಷ್ಟೇ. ಉಚಿತವಾಗಿ ಸಿಗುವ ಎಷ್ಟೋ ಸ್ಕ್ರಿಪ್ಟುಗಳ ಜೊತೆಗಿರುವ ಪಠ್ಯ ಕಡತದಲ್ಲಿ ‘ವೈಯಕ್ತಿಕ ಬಳಕೆಗೆ ಮಾತ್ರ’ ಎಂದಿರುತ್ತದೆ, ಅಂಥವನ್ನು ಗಿರಾಕಿಯ ಕೆಲಸಕ್ಕೆ ಬಳಸುವಂತಿಲ್ಲ. ಕೊಂಡ ಫಾಂಟುಗಳಲ್ಲೂ ಕಂಪ್ಯೂಟರಿಗೆ, ವೆಬ್ಬಿಗೆ, ಆ್ಯಪ್‌ಗೆ ಬೇರೆ ಬೇರೆ ಪರವಾನಗಿ ಕೇಳುವುದು ಸಾಮಾನ್ಯ.

ಕೊನೆಗೆ ನಿಜ ಗಾತ್ರದಲ್ಲಿ, ನೂರಕ್ಕೆ ನೂರು ಅಳತೆಯಲ್ಲಿ, ಬಳಸಲಿರುವ ಕಾಗದದ ಮೇಲೆಯೇ ಒಂದು ಪ್ರತಿ ತೆಗೆದು ಒಂದು ತೋಳಿನ ದೂರದಲ್ಲಿ ಹಿಡಿದು ನೋಡಿ. ಕೂದಲೆಳೆ ಕಡಿದಂತೆ ಕಂಡರೆ ಶಾಯಿ ಗಾಢ ಮಾಡಲು ಹೋಗಬೇಡಿ. ಗಾತ್ರವನ್ನು ಎರಡು ಪಾಯಿಂಟ್ ಏರಿಸಿ ಮತ್ತೊಂದು ಪ್ರತಿ ತೆಗೆಯಿರಿ.